ಬೊಬ್ಬೆ ಹೊಡೆಯದ ರಕ್ತ

ರೇವಿನ್: ವಿಷ ಹಾಕಿದೀನಿ ಕಣೋ, ವಿಷ! ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೂ ಬೆಚ್ಚಗೆ ಇಟ್ಟಿದೀನಿ. ಆದ್ರೂ ನಿನ್ನ ರಕ್ತ ಕಮಕ್ ಕಿಮಕ್ ಅನ್ಲಿಲ್ಲ!

ನೆವಿಲ್: ನಮ್ಮ ವಂಶದ ರಕ್ತಾನೇ ಹಾಗೆ. ತಣ್ಣಗೆ.

ರೇವಿನ್: ವಂಶ ಅಂತೆ ವಂಶ! ಮುಂದಿನ ಕಾರು ಅರೆಗಳಿಗೆ ನಿಂತ್ರೆ ಹಾರ್ನ್ ಮೇಲೇ ಕೂತ್ಕೋತೀಯ. ನೀನು ತಣ್ಣಗೆ?

ಡನೀಡಿನ್ ಊರಿನ ಒಂದು ಅಡುಗೆಮನೆ, ಬೆಳಗಿನ ಎಂಟೂವರೆ, ತಟ್ಟೆಯಲ್ಲಿ ಚೀಸ್ ರೋಲ್ ಆರುತ್ತಿತ್ತು. ರೇವಿನ್ ರಕ್ತದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ವಿಷದ ಪರೀಕ್ಷೆಗೆ ರಕ್ತ ಕೊಡುವ ಮಾಮೂಲಿ ದಾನಿ ಕೈಕೊಟ್ಟಿದ್ದರಿಂದ ನಿನ್ನೆ ಗಂಡನನ್ನೇ ಎಳೆದೊಯ್ದು ಸೂಜಿ ಚುಚ್ಚಿದ್ದಳು. ನಿವೃತ್ತ ಬಸ್ ಡ್ರೈವರ್ ನೆವಿಲ್ ಈಗ ಬಲಗಾಲನ್ನು ಮೇಜಿನಡಿಗೆ ಇನ್ನಷ್ಟು ಸರಿಸಿದ. ಉಣ್ಣೆಯ ಚಪ್ಪಲಿಯೊಳಗೆ ಹೆಬ್ಬೆರಳು ಊದಿ ಬದನೆಕಾಯಿಯಾಗಿತ್ತು. ಹೋದ ವಾರ ತಮ್ಮನ ಮನೆಯಲ್ಲಿ ಒಂದು ಬಕೆಟ್ ಕಡಲ ಚಿಪ್ಪಿ ತಿಂದು, ಮೇಲೆ ಬಿಯರ್ ಸುರಿದುಕೊಂಡದ್ದರ ಫಲ. ‘ತಿಂದು ಕುಡಿದು ಇನ್ನೊಂದು ಸಲ ಈ ಗೌಟ್ ಬಾವು ಬಂದ್ರೆ ಸ್ಟೀವರ್ಟ್ ದ್ವೀಪದ ಪ್ರವಾಸ, ದೋಣಿ ಎಲ್ಲ ಮರೆತುಬಿಡು’ ಎಂದು ರೇವಿನ್ ಬೇಸಿಗೆಯಲ್ಲೇ ಅಪ್ಪಣೆ ಕೊಟ್ಟಿದ್ದಳು. ದೋಣಿ ಹೊರಡುವುದು ಬರುವ ಶನಿವಾರ.

ನೆವಿಲ್: ಅಲ್ವೇ, ಸುಮ್ನಿದ್ರೆ ಒಳ್ಳೇದೇ ಅಲ್ವಾ? ವಿಷ ಬಿದ್ರೂ ಜಗ್ಗಲಿಲ್ಲ ಅಂತ.

ರೇವಿನ್: ಒಳ್ಳೇದಾ? ಬ್ಯಾಕ್ಟೀರಿಯಾದ ವಿಷ ತಗುಲಿದ್ರೆ ಸಾಕು, ಬಿಳಿ ಕಣಗಳು ‘ಕಳ್ಳ ಕಳ್ಳ’ ಅಂತ ಬೊಬ್ಬೆ ಹೊಡೀಬೇಕು. ಆ ಬೊಬ್ಬೆಗೇ ಸೈಟೊಕೈನ್ ಅನ್ನೋದು. ಜ್ವರ, ಬಾವು ಎಲ್ಲ ಅದರದ್ದೇ ಕರಾಮತ್ತು. ನಿನ್ನವು ಗೊರಕೆ ಹೊಡೀತಿವೆ!

ನೆವಿಲ್: ಅವಕ್ಕೂ ಪಿಂಚಣಿ ಬಂದಿರಬೇಕು.

ರೇವಿನ್: ಮಾತ್ರೆ ಗೀತ್ರೆ ನುಂಗಿದ್ಯಾ?

ನೆವಿಲ್: ಛೇ ಛೇ! ಫಾರಂನಲ್ಲಿ ‘ಇಲ್ಲ’ ಅಂತ ಬರೆದಿದೀನಲ್ಲ.

ರೇವಿನ್: ಹಾಗಾದ್ರೆ ವಿಷಾನೇ ಕೆಟ್ಟಿದೆ. ಇದೇ ಡಬ್ಬಿ ವಿಷ ಹಾಕಿದ ನಲವತ್ತು ಜನರ ರಕ್ತ ಫ್ರೀಜರ್‌ನಲ್ಲಿದೆ, ಇನ್ನೂ ಅಳೆದೇ ಇಲ್ಲ. ಇಡೀ ಚಳಿಗಾಲದ ದುಡಿಮೆ ಕಣೋ. ಎಲ್ಲ ಕಸ.

ಅವಳ ದನಿ ನಡುಗಿತು. ಬೈಗುಳವನ್ನಾದರೆ ನೆವಿಲ್ ಚಹಾದ ಜತೆಗೇ ಕುಡಿದುಬಿಡುತ್ತಿದ್ದ, ಇದನ್ನು ತಡೆಯಲಾಗಲಿಲ್ಲ. ಅವಳು ಮೇಲಧಿಕಾರಿ ಗ್ಲೆನಿಸ್‌ಗೆ ಫೋನ್ ಹಚ್ಚಿದಳು.

ನೆವಿಲ್: ತಡಿಯೇ. ಅವನ್ನೆಲ್ಲ ಎಸೆದ್ಬಿಡು ಅಂತ ಹೇಳ್ಬೇಡ.

ರೇವಿನ್: ಯಾಕೆ?

ನೆವಿಲ್: ಒಂದು ಮಾತ್ರೆ... ಇಷ್ಟೇ ಇಷ್ಟಿತ್ತು. ಅದನ್ನೆಲ್ಲ ಬರೀಬೇಕು ಅಂತ ಅನ್ನಿಸ್ಲಿಲ್ಲ.

ರೇವಿನ್: ಹೆಸರು?

ನೆವಿಲ್: ಪ್ರೆಡ್ನಿಸೋನ್. ನಾಲ್ಕು ದಿನದಿಂದ.

ರೇವಿನ್: ಬಾವು ಇಳಿಸೋ ಸ್ಟೀರಾಯ್ಡಾ! ಗೌಟ್ ತಾನೇ? ಕಾಲು ಈಚೆಗೆ ತೆಗಿ.

ನೆವಿಲ್: ಬಾಗಿಲಿಗೆ ಎಡವಿದೆ ಅಷ್ಟೆ.

ರೇವಿನ್: ಆ ಬಾಗಿಲು ಎಷ್ಟು ಬಿಯರ್ ಕುಡಿದಿತ್ತು?

ಚಪ್ಪಲಿ ಕಳಚಿತು. ನೆವಿಲ್ ಕಣ್ಣು ಮುಚ್ಚಿ ಸಿಡಿಲಿಗೆ ಕಾದ. ಬದಲಿಗೆ ಬೋಳುತಲೆಯ ಮೇಲೆ ಲೊಚಕ್ಕನೆ ಒಂದು ಮುತ್ತು ಬಿತ್ತು.

ರೇವಿನ್: ಅಯ್ಯೋ ನನ್ನ ಮುದ್ದು ಸುಳ್ಳುಬುರುಕ! ಆ ಮಾತ್ರೇನೇ ನಿನ್ನ ಬಿಳಿ ಕಣಗಳ ಬಾಯಿ ಕಟ್ಟಿರೋದು. ನಾನು ಬದುಕಿದೆ!

ನೆವಿಲ್: ಹಾಗಾದ್ರೆ... ಶನಿವಾರದ ದೋಣಿ?

ರೇವಿನ್: ಹೋಗುತ್ತೆ. ನೀನು ಹೋಗಲ್ಲ.

ನೆವಿಲ್: ನಿಜ ಹೇಳಿದ್ದಕ್ಕೆ ಇದಾ ಬಹುಮಾನ?

ರೇವಿನ್: ಮುತ್ತು ಕೊಟ್ಟೆನಲ್ಲ, ಅದು ನಿಜಕ್ಕೆ. ಇದು ಚಿಪ್ಪಿಗೆ.

ಅಷ್ಟರಲ್ಲಿ ಆ ಕಡೆಯಿಂದ ‘ಹಲೋ’ ಕೇಳಿಸಿತು. ರೇವಿನ್ ಕಣ್ಣೊರೆಸಿಕೊಂಡು ಫೋನನ್ನು ಕಿವಿಗಿಟ್ಟಳು.

ರೇವಿನ್: ಗ್ಲೆನಿಸ್, ಒಂದನ್ನೂ ಎಸೀಬೇಡ. ಇವತ್ತು ಬೇರೆಯವರ ರಕ್ತದಲ್ಲಿ ಇನ್ನೊಂದ್ಸಲ ನೋಡೋಣ. ವಿಷ ಚೆನ್ನಾಗೇ ಇದೆ ಕಣೇ. ಕೆಟ್ಟಿರೋದು ನನ್ನ ಗಂಡ.