ಮೂರು ಕಾಲೇಜು, ಎರಡು ಟಿ.ಸಿ.

ಕೆಲವರಿಗೆ ಪದೇಪದೇ ನೆಗಡಿ ಆಗುವ ಹಾಗೆ ನನಗೆ ಕಾಲೇಜು ಬದಲಾಗುತ್ತಿತ್ತು. ಆಗೆಲ್ಲ ಅತ್ತಿದ್ದೇ ಹೆಚ್ಚು. ನಗು ಬಂದದ್ದು ಬಹಳ ಆಮೇಲೆ.

ಐದನೆಯವಳು

ಪಿಯುಸಿ ಸೈನ್ಸ್‌ನಲ್ಲಿ ಕೆಮಿಸ್ಟ್ರಿ ಫೇಲಾದೆ. ಪೂರಕ ಪರೀಕ್ಷೆ ಪಾಸಾಗುವ ಹೊತ್ತಿಗೆ ಇಂಜಿನಿಯರಿಂಗ್ ಸೀಟಿನ ಕಾಲ ಮುಗಿದಿತ್ತು. ವರ್ಷ ಹಾಳಾಗಬಾರದೆಂದು ಅಪ್ಪ ನಮ್ಮೂರು ಹೊಸನಗರದಲ್ಲೇ ಬಿ.ಎ.ಗೆ ಸೇರಿಸಿದರು. ಇತಿಹಾಸದ ಕ್ಲಾಸಿನಲ್ಲಿ ನಾವು ಐದೇ ಜನ. ಮನಸ್ಸಿಲ್ಲದೆ ಒಂದು ವರ್ಷ ಕೂತೆ. ಕೊನೆಗೆ ಮೇಷ್ಟ್ರಿಗೆ, ಸಾಗರಕ್ಕೆ ಬಿ.ಎಸ್ಸಿ.ಗೆ ಹೋಗ್ತೀನಿ, ಅಲ್ಲಿಂದ ಹೇಗಾದರೂ ಇಂಜಿನಿಯರಿಂಗ್ ಹಿಡೀತೀನಿ ಅಂದೆ. ಅವರ ಮುಖ ಸಣ್ಣದಾಯಿತು. ಐದು ಜನ ಇಲ್ಲದಿದ್ದರೆ ವಿಷಯವನ್ನೇ ಮುಚ್ಚುತ್ತಾರೆ, ತನ್ನನ್ನು ಎಲ್ಲಿಗೆ ಹಾಕ್ತಾರೋ ಅಂತ ಅವರ ಚಿಂತೆ. ಮನೆಗೇ ಬಂದು ಅಪ್ಪನ ಹತ್ತಿರ ಬೇಡಿಕೊಂಡರು. ಪಾಪ ಅನ್ನಿಸಿತು. ಟಿ.ಸಿ.ಗೆ ಕೊಟ್ಟ ಅರ್ಜಿ ವಾಪಸ್ ತಗೊಳ್ಳೋಣ ಅಂತ ಮರುದಿನ ಹೋದರೆ ಮೇಷ್ಟ್ರು ಪೇಡ ಹಂಚುತ್ತಿದ್ದರು. ಅವರ ಸ್ವಂತ ಊರಿಗೇ ವರ್ಗ ಆಗಿತ್ತು.

"ನೀನು ಉಳ್ಕೋಮ್ಮ, ಒಳ್ಳೇ ವಿಷಯ ಇದು" ಅಂದರು.

ಕಾರಣ

ಟಿ.ಸಿ. ಬರೆದ ಗುಮಾಸ್ತರು ನಿವೃತ್ತಿಯ ಅಂಚಿನವರು. ಕಾಲೇಜು ಬಿಡಲು ಕಾರಣ ಎಂಬಲ್ಲಿ, ನನ್ನನ್ನು ಕೇಳದೆ, ಹೆಣ್ಣುಮಕ್ಕಳಿಗೆಲ್ಲ ಬರೆದು ಅಭ್ಯಾಸವಾದ ಕೈಯಲ್ಲಿ 'ಮದುವೆ' ಎಂದು ಬರೆದಿದ್ದರು. ನಾನೂ ಓದದೆ ಸಾಗರಕ್ಕೆ ಒಯ್ದೆ. ಅಲ್ಲಿನ ಪ್ರಿನ್ಸಿಪಾಲರು ಗಂಡನ ಒಪ್ಪಿಗೆ ಪತ್ರ ಎಲ್ಲಿ ಎಂದರು. ನನಗೆ ಮದುವೆಯೇ ಆಗಿಲ್ಲ ಎಂದೆ. ಅವರು ಟಿ.ಸಿ. ನೋಡಿದರು, ನನ್ನನ್ನು ನೋಡಿದರು.

"ಮುರಿದುಹೋಯ್ತಾ?" ಎಂದು ಮೆಲ್ಲಗೆ ಕೇಳಿದರು.

ಬೆಳಗಿನಿಂದ ಏನೂ ತಿಂದಿರಲಿಲ್ಲ, ಈ ಸೀಟೂ ಹೋಯಿತು ಅನ್ನಿಸಿ ಅಳು ಬಂದುಬಿಟ್ಟಿತು. ಅವರು ಇನ್ನೇನೂ ಕೇಳದೆ ಸಹಿ ಹಾಕಿ ಸೀಟು ಕೊಟ್ಟರು.

ಹಾಲು

ಬಿ.ಎಸ್ಸಿ. ಒಂದು ವರ್ಷ ಓದಿದ ಮೇಲೆ ತಿಳಿಯಿತು, ಪಿಯು ಸೈನ್ಸ್ ಆದವರನ್ನು ಪಾಲಿಟೆಕ್ನಿಕ್‌ನಲ್ಲಿ ಎರಡನೇ ವರ್ಷಕ್ಕೆ ನೇರ ಸೇರಿಸಿಕೊಳ್ಳುತ್ತಾರೆ, ಡಿಪ್ಲೊಮಾ ಮುಗಿಸಿದರೆ ಇಂಜಿನಿಯರಿಂಗ್‌ಗೆ ಹೋಗಬಹುದು ಅಂತ. ಬಿ.ಎಸ್ಸಿ.ಯನ್ನೂ ಬಿಟ್ಟು ಮನೆಗೆ ಬಂದೆ. ಅಪ್ಪ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅವರ ಮಷಿನ್ನು. ಅವತ್ತಿನಿಂದ ನನ್ನ ಹತ್ತಿರ ಮಾತು ಬಿಟ್ಟರು. ಹೇಳುವುದಿದ್ದರೆ ಅಮ್ಮನ ಮೂಲಕ. ನನ್ನ ಜೊತೆ ಓದಿದವರು ಡಿಗ್ರಿಯ ಕೊನೇ ವರ್ಷಕ್ಕೆ ಬಂದಿದ್ದರು. ನಾನು ಒಳಗೆ ಕೂತು ಮಷಿನ್ನಿನ ಸದ್ದು ಕೇಳುತ್ತಿದ್ದೆ.

ಒಂದು ದಿನ ಅಮ್ಮ ವರದಹಳ್ಳಿಗೆ ಹೋಗಿದ್ದಳು. ಅಲ್ಲಿಂದ ನನಗೆ ಫೋನು ಬಂತು.

"ಒಲೆ ಮೇಲೆ ಹಾಲು ಉಕ್ತಾ ಇದ್ಯಂತೆ. ಅಪ್ಪ ಈಗ ಫೋನ್ ಮಾಡಿ ಹೇಳಿದ್ರು."

ಅಷ್ಟರಲ್ಲಿ ಪಾತ್ರೆಯಲ್ಲಿ ಹಾಲು ಉಳಿದಿರಲಿಲ್ಲ.

ಮೇಡಂ

ತೀರ್ಥಹಳ್ಳಿಯಲ್ಲಿ ಸಿವಿಲ್ ಸೀಟು ಸಿಕ್ಕಿತು. ನೇರ ಎರಡನೇ ವರ್ಷಕ್ಕೆ ಸೇರುವವರು ತಡವಾಗಿ ಬರುತ್ತಾರೆ, ಕ್ಲಾಸುಗಳು ಶುರುವಾಗಿ ಆಗಲೇ ಎಷ್ಟೋ ದಿನ ಆಗಿತ್ತು. ಅಮ್ಮನ ಒತ್ತಾಯಕ್ಕೆ ಸೀರೆ ಉಟ್ಟಿದ್ದೆ. ನಾನು ಬಾಗಿಲಲ್ಲಿ ಕಂಡದ್ದೇ ಇಡೀ ಕ್ಲಾಸು ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದಿತು. "ಕೂತ್ಕೊಳ್ಳಿ" ಅಂದೆ. ಕೂತರು. ಎಲ್ಲಿಗೆ ಹೋಗಬೇಕೆಂದು ತೋಚದೆ ಬೋರ್ಡಿನ ಹತ್ತಿರವೇ ನಿಂತೆ. ಸ್ವಲ್ಪ ಹೊತ್ತಿಗೆ ನಿಜವಾದ ಲೆಕ್ಚರರು ಬಂದರು. ನನ್ನನ್ನು ನೋಡಿ, ಹೊಸ ಗೆಸ್ಟ್ ಲೆಕ್ಚರರಾ, ನನ್ನ ಪಿರಿಯಡ್ ಅಂದ್ಕೊಂಡೆ, ಸಾರಿ ಅಂತ ಹೇಳಿ ಹೊರಟೇಹೋದರು. ಬೆಲ್ ಹೊಡೆಯುವವರೆಗೂ ನಾನು ಹಾಗೇ ನಿಂತಿದ್ದೆ, ಹುಡುಗರು ಪುಸ್ತಕ ತೆರೆದು ಕಾಯುತ್ತಿದ್ದರು.

ಸಂಜೆ ಮನೆಗೆ ಬಂದು ಇದನ್ನು ಅಮ್ಮನಿಗೆ ಹೇಳುತ್ತಾ ಮತ್ತೆ ಅತ್ತೆ. ಮುಂದಿನ ಕೋಣೆಯಲ್ಲಿ ಮಷಿನ್ನು ನಿಂತಿತು. ಎಷ್ಟೋ ತಿಂಗಳ ಮೇಲೆ ಅಪ್ಪ ನೇರವಾಗಿ ನನ್ನ ಹತ್ತಿರ ಮಾತಾಡಿದರು.

"ಪಾಠ ಮಾಡೋದಲ್ವಾ ಮಾರಾಯ್ತಿ? ಕೆಲಸವೇ ಸಿಕ್ತಿತ್ತು, ಎರಡು ವರ್ಷ ಓದೋದಾದ್ರೂ ಉಳೀತಿತ್ತು."