ಕಾರಿನ ಶೆಡ್ಡಿಗೊಂದು ನೆಲ

ನಾನು ಏನನ್ನಾದರೂ ಕಡಿಮೆ ಖರ್ಚಿನಲ್ಲಿ ಮುಗಿಸೋಣ ಎಂದು ಹೊರಟಾಗಲೆಲ್ಲ ತಲ್ಲೂರಿನ ಅಕ್ಕಪಕ್ಕದವರಿಗೆ ನಗುವುದಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನಾನು ಬೇಕೆಂದು ಮಾಡುವುದಲ್ಲ. ಅದು ತಾನಾಗಿ ಆಗುತ್ತದೆ. ಬರೆಯುವ ಕೆಲಸಕ್ಕೆ ಇದೇ ಮೊದಲ ಸಲ ಕೈ ಹಾಕಿದ್ದೇನೆ. ಓದುವವರಿಗೆ ಅರ್ಥವಾಗದೆ ಹೋದೀತು ಎಂಬ ಹೆದರಿಕೆಯಿಂದ ಎಲ್ಲವನ್ನೂ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಆಗ ನನ್ನದು ಬಾಡಿಗೆ ಕಾರು. ಬಾಡಿಗೆ ಕಾರು ಎಂದರೆ ಕಾರು ನನ್ನದೇ, ಕೂರುವವರು ಬೇರೆ. ಉತ್ತರಕ್ಕೆ ಬೈಂದೂರು, ದಕ್ಷಿಣಕ್ಕೆ ಬ್ರಹ್ಮಾವರ, ಇಷ್ಟರೊಳಗೆ ನನ್ನ ಓಡಾಟ. ಕಾರು ನಿಲ್ಲಿಸಲು ಮನೆಯ ಪಕ್ಕದಲ್ಲಿ ಒಂದು ಶೆಡ್ಡು ಕಟ್ಟಿದ್ದೆ. ನಾಲ್ಕು ಕಂಬ, ಮೇಲೆ ಹಂಚು. ನೆಲ ಮಾತ್ರ ಇರಲಿಲ್ಲ. ನೆಲ ಇರಲಿಲ್ಲ ಎಂದರೆ ಮಣ್ಣು ಇತ್ತು, ಅದು ಗದ್ದೆಗೆ ಸೇರಿದ್ದ ತಗ್ಗಿನ ಮಣ್ಣು. ಒಂದು ಮಳೆ ಬಿದ್ದರೆ ಸಾಕು, ಹಿಂದಿನ ಚಕ್ರ ಒಂದು ಗೇಣು ಒಳಗೆ. ಆಮೇಲೆ ಅದನ್ನು ಎಳೆಯಲು ಆರು ಜನ ಬೇಕು.

ಇದರಲ್ಲಿ ಇಷ್ಟು ಗಾಬರಿಯಾಗುವುದು ಏನಿದೆ ಎಂದು ನೀವು ಕೇಳಬಹುದು. ಹೆಂಡತಿಗೆ ಆಗ ಐದು ತಿಂಗಳು. ಹೆರಿಗೆ ಆಸಾಡಿಯಲ್ಲಿ, ಅಂದರೆ ಮಳೆ ಜಡಿಯುವ ಹೊತ್ತಿಗೆ ಸರಿಯಾಗಿ. ಆಸ್ಪತ್ರೆ ಸೇತುವೆಯ ಆಚೆ, ಕುಂದಾಪುರದಲ್ಲಿ. ಅವಳು ಒಂದು ದಿನ ಬಾಗಿಲಲ್ಲಿ ನಿಂತು ಶೆಡ್ಡನ್ನೇ ನೋಡುತ್ತ, "ಊರಿನವ್ರನ್ನೆಲ್ಲ ಆಸ್ಪತ್ರಿಗೆ ಕರ್ಕಂಡ್ ಹೋತ್ರಿ. ನಂಗ್ ನೋವ್ ಬಂದ್ ದಿನ ಕಾರ್ ಮೇಲ್ ಬತ್ತಾ?" ಎಂದಳು. ಅಂದಿನಿಂದ ನಾನು ಒಂದು ಕಡೆ ನೆಟ್ಟಗೆ ಕುಳಿತವನಲ್ಲ. ಆಕಾಶ ನೋಡುವುದು, ಶೆಡ್ಡಿಗೆ ಹೋಗುವುದು, ಹಿಮ್ಮಡಿಯಿಂದ ನೆಲ ಒತ್ತುವುದು, ಮತ್ತೆ ಆಕಾಶ ನೋಡುವುದು.

ಮೊದಲು ಸಗಣಿ

ಎಲ್ಲಕ್ಕಿಂತ ಕಡಿಮೆ ಖರ್ಚಿನ ನೆಲ ಯಾವುದೆಂದು ಅಬ್ಬೆಯನ್ನು ಕೇಳಿದೆ. ಅಬ್ಬೆ ಎಂದರೆ ನನ್ನ ತಾಯಿ. ಅವರಿಗೆ ಕಿವಿ ಸ್ವಲ್ಪ ಮಂದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

"ಮನಿ ಪೂರಾ ಸಗಣಿ ನೆಲವೇ ಅಲ್ದಾ? ಮನ್ಷರಿಗೆ ಸಾಕಾದ್ದ್ ಕಾರಿಗ್ ಸಾಲ್ದಾ?" ಎಂದರು.

ಮಣ್ಣು ಹಾಕಿ, ಹೊಡೆದು, ಸಗಣಿಗೆ ಮಸಿ ಬೆರೆಸಿ ಸಾರಿಸಿದೆವು. ಕನ್ನಡಿಯ ಹಾಗೆ ಆಯಿತು. ಆದರೆ ಮನೆಯ ನೆಲ ಸಾರಿಸಿದಂತೆ ಅಬ್ಬೆ ಅದನ್ನೂ ಬೆಳಿಗ್ಗೆ ಬೆಳಿಗ್ಗೆ ಸಾರಿಸತೊಡಗಿದರು. ಒಂದು ದಿನ ಬ್ರಹ್ಮಾವರಕ್ಕೆ ಹೆಣ್ಣು ನೋಡಲು ಹೋಗುವವರ ಬಾಡಿಗೆ ಇತ್ತು. ಕೀಲಿಕೈ ಹಿಡಿದು ಬಂದರೆ ಅಬ್ಬೆ ಅಡ್ಡ ನಿಂತಿದ್ದಾರೆ.

"ಒಣ್ಗುಕೆ ಬಿಡ್ ಮಗಾ, ಈಗ ಮೆಟ್ಬೇಡ."

"ಅಬ್ಬೆ, ಅವ್ರ್ ರಸ್ತಿಯಂಗೆ ಕಾಯ್ತಾ ಇದ್ರ್!"

ಕಾಯುವುದಾಗಲಿಲ್ಲ. ಚಕ್ರಗಳು ಅರ್ಧ ನೆಲವನ್ನು ಹತ್ತಿಸಿಕೊಂಡೇ ಹೊರಟವು. ಬಿಸಿಲೇರಿದಂತೆ ಕಾರಿನೊಳಗೆಲ್ಲ ಪರಿಮಳ. ಹಿಂದೆ ಕುಳಿತಿದ್ದ ಹುಡುಗನ ಸೋದರಮಾವ ಜರಿ ಶಾಲಿನವರು. ಮೊದಲು ತಮ್ಮ ಚಪ್ಪಲಿ ಎತ್ತಿ ನೋಡಿಕೊಂಡರು. ಆಮೇಲೆ ಅಳಿಯನ ಚಪ್ಪಲಿ ಎತ್ತಿಸಿದರು. ಎರಡೂ ಚೊಕ್ಕವಾಗಿದ್ದವು. ಮುಂದಕ್ಕೆ ಬಾಗಿ ನನ್ನ ಕಿವಿಯ ಹತ್ತಿರ ಕೇಳಿದರು:

"ಹ್ವಾಯ್, ನಿಮ್ ಕಾರ್ ಪೆಟ್ರೋಲ್ ಕುಡಿತ್ತಾ, ಹುಲ್ಲ್ ತಿಂತ್ತಾ?"

ಆಮೇಲೆ ಹಂಚು

ಗುಲ್ವಾಡಿಯ ಕಡೆ ಹೋಗುವಾಗ ಒಂದು ಹಂಚಿನ ಕಾರ್ಖಾನೆಯ ಹಿಂದೆ ಒಡೆದ ಹಂಚಿನ ರಾಶಿ ನೋಡಿದ್ದೆ. ಕೇಳಿದರೆ "ಬೇಕಾದಷ್ಟ್ ತಕಂಡ್ ಹೋಯ್ನಿ, ನಮಗ್ ಜಾಗ ಆತ್ತ್" ಎಂದರು. ಎರಡು ಎತ್ತಿನ ಗಾಡಿಯಷ್ಟು ತರಿಸಿ, ಹರಡಿ, ದಿಮ್ಮಸು ಹಾಕಿ ಬಡಿದೆ. ದಿಮ್ಮಸು ಎಂದರೆ ನೆಲ ಬಡಿಯುವ ಭಾರದ ಮರದ ತುಂಡು. ಚಕ್ರ ಹೂಳಲಿಲ್ಲ. ನನಗೆ ಆದ ಸಂತೋಷ ಹೇಳಿ ಪೂರೈಸದು.

ಸೋಮವಾರ ಒಂದು ಚಕ್ರ ಪಂಕ್ಚರ್. ಬುಧವಾರ ಇನ್ನೊಂದು. ಶುಕ್ರವಾರ ಎರಡು. ಕೆಂಪು ಹಂಚಿನ ಚೂರು ಬಡಿದಷ್ಟೂ ಚೂಪಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಹೆಂಡತಿ ಕಾರಿನ ನಾಲ್ಕು ಚಕ್ರಗಳನ್ನೂ ಒಂದೊಂದಾಗಿ ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು.

ಮುಂದಿನ ವಾರ ಕುಂದಾಪುರದ ಪಂಕ್ಚರ್ ಅಂಗಡಿಯವನು ಸೈಕಲ್ ಹೊಡೆದುಕೊಂಡು ನಮ್ಮ ಮನೆಗೇ ಬಂದ. ಪಾಪ, ಕನಿಕರದಿಂದ ಬಂದಿರಬೇಕು ಎಂದುಕೊಂಡೆ. ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿದ, ಒಂದು ಚೂರನ್ನು ಎತ್ತಿ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದ, ಮತ್ತೆ ಇದ್ದಲ್ಲೇ ಜೋಪಾನವಾಗಿ ಇಟ್ಟ.

"ಒಳ್ಳೆ ನೆಲ ಮರ್ರೆ. ಯಾರ್ ಎಂತ ಹೇಳ್ರೂ ತೆಗಿಬೇಡಿ. ಕಮ್ಮಿ ಬಿದ್ರೆ ಇನ್ನೊಂದ್ ಗಾಡಿ ನಾನೇ ತಂದ್ ಹಾಕ್ತೆ."

ತ್ರಾಸಿಯಲ್ಲಿ

ಇದು ಸಣ್ಣ ಸಂಗತಿ. ಆ ದಿನಗಳಲ್ಲಿ ಯಾರ ಮನೆಗೆ ಹೋದರೂ ಅವರ ನೆಲ ಬಡಿದು ನೋಡುವ ಚಟ ನನಗೆ ಅಂಟಿಕೊಂಡಿತ್ತು. ಕಾವಿಯೋ, ಸುಣ್ಣದ ಗಾರೆಯೋ, ಕಲ್ಲೋ, ಅಡಿಯಲ್ಲಿ ಏನು ಹಾಕಿದ್ದಾರೋ ಎಂದು. ತ್ರಾಸಿಯ ಒಂದು ಮದುವೆ ಮನೆಯಲ್ಲಿ, ಎಲ್ಲರೂ ಊಟಕ್ಕೆ ಎದ್ದಾಗ ನಾನು ಚಾವಡಿಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದೆ. ಮನೆಯ ಯಜಮಾನರು ಬಂದು ಬೆನ್ನ ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಅವರು ಆಚೀಚೆ ನೋಡಿ, ನನ್ನ ಪಕ್ಕದಲ್ಲೇ ಕುಕ್ಕರು ಕುಳಿತು ಮೆಲ್ಲಗೆ ಹೇಳಿದರು:

"ನಿಧಿ ಇತ್ತ್ ಅಂದ್ ಅಜ್ಜಯ್ಯನೂ ಹೇಳ್ತಿದ್ರ್. ಶಬ್ದ ಮಾಡ್ಬೇಡಿ. ನೆಂಟ್ರ್ ಹೋಯ್ಲಿ, ಹಾರೆ ತತ್ತೆ."

ಗಾಡಿ ಎಂದರೆ ಯಾವುದು

ಹಂಚು ತೆಗೆಸಿದೆ. ಅಷ್ಟು ಹೊತ್ತಿಗೆ ಹೆಂಡತಿಗೆ ಏಳು ತಿಂಗಳು ತುಂಬಿತ್ತು, ಮೋಡವೂ ಕಟ್ಟತೊಡಗಿತ್ತು. ಆಗ ನನಗೆ ಒಂದು ಉಪಾಯ ಹೊಳೆಯಿತು. ಕಾರು ನೆಲವನ್ನು ಮುಟ್ಟುವುದು ಚಕ್ರ ಇರುವಲ್ಲಿ ಮಾತ್ರ. ಹಾಗಿದ್ದ ಮೇಲೆ ಪೂರ್ತಿ ನೆಲ ಯಾಕೆ? ಚಕ್ರ ಹಾಯುವ ಎರಡು ಸಾಲಿಗೆ ಮುರಕಲ್ಲು ಹಾಸಿದರೆ ಸಾಕಲ್ಲ? ಮುರಕಲ್ಲು ಎಂದರೆ ನಮ್ಮ ಕಡೆ ಗೋಡೆ ಕಟ್ಟುವ ಕೆಂಪು ಕಲ್ಲು.

ಮೇಸ್ತ್ರಿಯನ್ನು ಕರೆದು ಹೇಳಿದೆ: "ಎರಡ್ ಸಾಲ್ ಕಲ್ಲ್ ಹಾಕ್ಕ್, ಗಾಡಿ ಚಕ್ರ ಸರಿಯಾಗಿ ಮೇಲ್ ಕೂರ್ಕ್." ಇಷ್ಟು ಹೇಳಿ ಬೈಂದೂರಿಗೆ ಬಾಡಿಗೆ ಹೋದೆ. ಕಾರು ನನ್ನ ಜೊತೆ ಬಂತು. ತಪ್ಪಾದದ್ದು ಅಲ್ಲಿಯೇ.

ಡ್ರೈವರುಗಳ ಬಾಯಲ್ಲಿ ಗಾಡಿ ಎಂದರೆ ಕಾರು. ಮೇಸ್ತ್ರಿಗೆ ಗಾಡಿ ಎಂದರೆ ಹುಟ್ಟಿದಂದಿನಿಂದ ಎತ್ತಿನ ಗಾಡಿ. ಅವನು ಪಕ್ಕದ ಮನೆಯ ಎತ್ತಿನ ಗಾಡಿಯನ್ನು ಎಳೆದು ತಂದು, ನೂಲು ಹಿಡಿದು, ಕೂದಲೆಳೆ ತಪ್ಪದಂತೆ ಅಳತೆ ಮಾಡಿ ಕಲ್ಲು ಹಾಕಿದ್ದ. ಸಂಜೆ ನಾನು ಕಾರನ್ನು ಒಳಗೆ ಬಿಟ್ಟರೆ ಎಡಗಡೆಯ ಚಕ್ರಗಳು ಕಲ್ಲಿನ ಮೇಲೆ, ಬಲಗಡೆಯವು ಕೆಸರಿನಲ್ಲಿ. ಕಾರು ಒಂದು ಮಗ್ಗುಲಿಗೆ ಮಲಗಿತು.

"ಎಂತ ಮಾರಾಯ ಇದ್?" ಎಂದು ಕೂಗಿದೆ.

ಮೇಸ್ತ್ರಿ ನೂಲುಂಡೆ ತೆಗೆದು ಮತ್ತೆ ಅಳೆದ. ಕಲ್ಲಿನ ಸಾಲು ನೋಡಿದ, ಕಾರಿನ ಅಡಿಗೆ ಬಾಗಿ ನೋಡಿದ, ತೃಪ್ತಿಯಿಂದ ಎದ್ದು ನಿಂತ.

"ನೆಲ ಸಮಾ ಇತ್ತ್. ನಿಮ್ ಗಾಡಿಯೇ ಸಪೂರ."

ಹಟ್ಟಿ

ಆ ಕಲ್ಲೂ ಕಾರಿನ ಭಾರಕ್ಕೆ ಕೆಸರಿಗಿಳಿಯಿತು, ಇನ್ನು ಉಳಿದದ್ದು ಸಿಮೆಂಟು. ಆಗ ಸಿಮೆಂಟಿಗೆ ಪರ್ಮಿಟ್ಟು ಬೇಕಿತ್ತು. "ಗ್ಯಾರೇಜಿನ ನೆಲಕ್ಕೆ ನಾಲ್ಕು ಮೂಟೆ" ಎಂದು ಅರ್ಜಿ ಬರೆದುಕೊಂಡು ಹೋದೆ. ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರೊಬ್ಬರು ಕುಳಿತಿದ್ದರು. ನೋಡಿ ತಲೆಯಲ್ಲಾಡಿಸಿದರು.

"ಗ್ಯಾರೇಜ್ ಅಂದ್ರೆ ಕಾರ್ ರಿಪೇರಿ ಅಂಗಡಿ ಅಂತ ತಿಳ್ಕಂತ್ರ್. ಹಟ್ಟಿ ಅಂತ ಬರೀನಿ, ಬೇಗ ಆತ್ತ್."

ನಮ್ಮ ಕಡೆ ಹಟ್ಟಿ ಎಂದರೆ ದನ ಕಟ್ಟುವ ಕೊಟ್ಟಿಗೆ. ನಾಲ್ಕು ಕಂಬ, ಮೇಲೆ ಹಂಚು. ನೋಡಿದರೆ ನನ್ನ ಶೆಡ್ಡೂ ಅದೇ. "ನಮ್ಮ ಹಟ್ಟಿಯ ನೆಲಕ್ಕೆ ನಾಲ್ಕು ಮೂಟೆ ಸಿಮೆಂಟು" ಎಂದು ಬರೆದು ಕೊಟ್ಟೆ. ಆಸಾಡಿ ಹಿಡಿದ ಮೇಲೆ ಸುದ್ದಿ ಬಂತು, ಇನ್ಸ್‌ಪೆಕ್ಟರು ಸ್ಥಳ ನೋಡಲು ಬರುತ್ತಾರಂತೆ. ಕಾರನ್ನು ಹೊರಗೆ ಅಂಗಳದಲ್ಲಿ ನಿಲ್ಲಿಸಿ ಮನೆಯ ಎರಡು ದನಗಳನ್ನು ಶೆಡ್ಡಿಗೆ ತಂದು ಕಟ್ಟಿದೆ. ನಾಲ್ಕು ದಿನ ಎಡೆಬಿಡದೆ ಮಳೆ ಹೊಯ್ದು ಕಾರು ಅಂಗಳದಲ್ಲೇ ಹೂತಿತು. ಐದನೆಯ ದಿನ ಮಧ್ಯಾಹ್ನ ಹೆಂಡತಿಗೆ ನೋವು ಶುರುವಾಯಿತು. ನಾನು ಎಂಜಿನ್ ಚಾಲೂ ಮಾಡಿದಷ್ಟೂ ಚಕ್ರ ಒಳಗಿಳಿಯಿತು. ಕಾರು ದೂಡಲು ಜನ ಕರೆಯೋಣವೆಂದು ಗೇಟಿನ ಕಡೆ ಓಡಿದರೆ ಎದುರಿಗೇ ಸರಕಾರಿ ಜೀಪು!

ಇಲ್ಲೊಂದು ಮಾತು ಹೇಳಲೇಬೇಕು. ರಾಜ್ಯ ಒಂದಾದ ಮೇಲೆ ಘಟ್ಟದ ಮೇಲಿನ ಅಧಿಕಾರಿಗಳು ನಮ್ಮ ಕಡೆಗೂ ವರ್ಗವಾಗಿ ಬರುತ್ತಿದ್ದರು. ಈ ಇನ್ಸ್‌ಪೆಕ್ಟರು ಚಿತ್ರದುರ್ಗದ ಕಡೆಯವರು. ಅವರ ಊರಿನಲ್ಲಿ ಹಟ್ಟಿ ಎಂದರೆ ಜನ ವಾಸಿಸುವ ಸಣ್ಣ ಊರು, ಹತ್ತಿಪ್ಪತ್ತು ಮನೆ. ನನಗದು ಆಗ ತಿಳಿದಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕೊಡೆ ಬಿಚ್ಚಿ ಇಳಿದರು. "ಇಡೀ ಹಟ್ಟಿಗೆ ನಾಲ್ಕೇ ಮೂಟೆ ಕೇಳಿದ ಪುಣ್ಯಾತ್ಮ ಯಾರು ಅಂತ ನೋಡೋಣ ಅಂತಲೇ ಬಂದೆ ಕಣ್ರೀ" ಎನ್ನುತ್ತ ಜಗಲಿಯಲ್ಲಿದ್ದ ಅಬ್ಬೆಯ ಹತ್ತಿರ ಹೋಗಿ ಜೋರಾಗಿ ಕೇಳಿದರು, "ಅಜ್ಜೀ, ನಿಮ್ಮ ಹಟ್ಟಿಯಲ್ಲಿ ಎಷ್ಟು ಜನ?"

ಅಬ್ಬೆಯ ಕಿವಿಗೆ ಜನ ಹೋಗಿ ದನವಾಯಿತು. "ಎರಡೇ" ಎಂದರು.

"ಎರಡೇ? ಮಿಕ್ಕವರು?"

"ಮಾರಿ ಆಯ್ತ್."

ಇನ್ಸ್‌ಪೆಕ್ಟರ ಕೊಡೆ ಓರೆಯಾಯಿತು. "ಜನರನ್ನ ಮಾರಿದಿರಾ?"

"ಹ್ವಾಯ್, ಹತ್ರ ಹೋಯ್ಬೇಡಿ! ಒಂದ್ ಹಾಯ್ತ್. ಅದ್ಕೇ ಕಟ್ಟಿ ಹಾಕಿದ್ದ್" ಎಂದರು ಅಬ್ಬೆ. ಅವರು ಹೇಳಿದ್ದು ಕೋಡಿನಿಂದ ತಿವಿಯುವ ದನದ ಮಾತು.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ನೋವಿನಿಂದ ಕೂಗಿದಳು. ಕಟ್ಟಿ ಹಾಕಿದ್ದು ಅವಳನ್ನೇ ಎಂದು ತಿಳಿದು ಇನ್ಸ್‌ಪೆಕ್ಟರು ಬೆವರತೊಡಗಿದರು. ನಾನು ಅವರ ಕೈ ಹಿಡಿದುಕೊಂಡು, "ಸ್ವಾಮೀ, ಹೆಂಡತಿಗೆ ಹೆರಿಗೆ ನೋವು, ಕಾರು ಹೂತಿದೆ" ಎಂದೆ. ಅವರು ತಕ್ಷಣ ಜೀಪಿನ ಬಾಗಿಲು ತೆಗೆದರು. ದಾರಿಯುದ್ದಕ್ಕೂ ನಾನು ಎಲ್ಲ ಒಪ್ಪಿಕೊಂಡೆ: ಶೆಡ್ಡು, ಸಗಣಿ, ಹಂಚು, ಗಾಡಿ, ಅರ್ಜಿ. ಹೆಂಡತಿ ನೋವಿನ ನಡುವೆಯೇ, "ನೆಲದ್ ಮಾತ್ ಸಾಕ್ ಮಾಡಿನಿ" ಎಂದಳು. ಸೇತುವೆ ದಾಟಿ ಆಸ್ಪತ್ರೆ ಸೇರಿದ ಒಂದು ಗಂಟೆಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ.

ಇನ್ಸ್‌ಪೆಕ್ಟರು ಹೊರಡುವಾಗ, "ಕಾರೋ ದನವೋ, ನಿಮಗೆ ಗಟ್ಟಿ ನೆಲ ಬೇಕಾಗಿದೆ, ಅದನ್ನ ಕಣ್ಣಾರೆ ನೋಡಿದ್ದೇನೆ. ಆದರೆ ಹಟ್ಟಿ ಅಂತ ಬರೆದಿದ್ದೀರಿ. ಕೆಲಸ ಮುಗಿದ ಮೇಲೆ ಬಂದಾಗ ಅದು ಹಟ್ಟಿಯೇ ಆಗಿರಬೇಕು" ಎಂದರು.

ಪರ್ಮಿಟ್ಟು ಬಂತು, ಸಿಮೆಂಟು ಬಂತು. ಮೇಸ್ತ್ರಿ ಈ ಸಲ ಕಾರನ್ನೇ ಅಳೆದ. ನೆಲ ಒಣಗಿ ಗಟ್ಟಿಯಾಯಿತು. ನಮ್ಮ ಮನೆಗೇ ಇಲ್ಲದಂಥ ನುಣ್ಣನೆಯ ನೆಲ. ಅದನ್ನು ನೋಡಿದ ಅಬ್ಬೆ ಮೊದಲು ಮಗುವಿನ ತೊಟ್ಟಿಲನ್ನು ಅಲ್ಲಿಗೆ ಸಾಗಿಸಿದರು. ತೊಟ್ಟಿಲ ಹಿಂದೆ ಬಾಣಂತಿ ಬಂದಳು. ಬಾಣಂತಿಯನ್ನು ನೋಡಲು ಅಕ್ಕಪಕ್ಕದ ಹೆಂಗಸರು ಬಂದರು, ಬಂದವರು ಕಾಲು ಚಾಚಿ ಕುಳಿತರು. ಕಾರಿಗೆ ಜಾಗ ಇರಲಿಲ್ಲ. ಅದು ಅಂಗಳದಲ್ಲೇ ನಿಂತಿತು, ಅದರ ಹಿಂದಿನ ಬಂಪರಿಗೆ ಅಬ್ಬೆ ದನ ಕಟ್ಟಿದರು.

ಸರಿಯಾಗಿ ಅದೇ ಹೊತ್ತಿಗೆ ಜೀಪು ಬಂತು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು. ದನವೂ ಹೊರಗೆ, ಕಾರೂ ಹೊರಗೆ! ಇನ್ಸ್‌ಪೆಕ್ಟರು ಶೆಡ್ಡಿನ ಮುಂದೆ ನಿಂತು ತೊಟ್ಟಿಲು, ಬಾಣಂತಿ, ಹರಟುತ್ತಿದ್ದ ಹೆಂಗಸರು, ಎಲ್ಲವನ್ನೂ ಬೆರಳು ಮಡಚಿ ಎಣಿಸಿದರು. ಎಣಿಸಿ, ನನ್ನ ಕಡೆ ತಿರುಗಿ ಹೇಳಿದರು:

"ಒಂಬತ್ತು ಜನ. ನಮ್ಮ ಕಡೆ ಹಟ್ಟಿ ಅಂದ್ರೆ ಇದೇ ಕಣ್ರೀ!"

ಆದರೂ ಒಳಗೆ ಕಾಲಿಡದೆ ಹೊರಗೇ ನಿಂತಿದ್ದರು. ಅಬ್ಬೆ ತೊಟ್ಟಿಲು ತೂಗುತ್ತಲೇ ಅವರಿಗೆ ಧೈರ್ಯ ಹೇಳಿದರು:

"ಒಳ್ಗ್ ಬನ್ನಿ, ಒಳ್ಗ್ ಬನ್ನಿ. ಇವತ್ತ್ ಯಾರೂ ಹಾಯೂದಿಲ್ಲೆ."