ಬ್ರೇಕ್ ವ್ಯಾನಿನಲ್ಲಿ ತಮ್ಮನ ಸೈಕಲ್ಲು

ದೋಸೆಗೆ ಅಕ್ಕಿ ಅರ್ಧ ಕಡೆದಾಗ ಸಾವಿನ ಸುದ್ದಿ ಬಂದರೆ ಏನು ಮಾಡಬೇಕು ಎಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ಶಾಸ್ತ್ರ ಬರೆದವರು ಗಂಡಸರು, ಅವರು ಕಡೆಯುವ ಕಲ್ಲಿನ ಎದುರು ಕೂತವರಲ್ಲ. ನಾನು ಕೂತಿದ್ದೆ, ಬಂಟ್ವಾಳದ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ, ಮೊಣಕೈವರೆಗೆ ಹಿಟ್ಟು ಮಾಡಿಕೊಂಡು. ಟಪ್ಪಾಲಿನವರು ತಂತಿ ಹಿಡಿದುಕೊಂಡು ಬಂದು, "ಕೈ ತೊಳೆದುಕೊಳ್ಳಿ ಅಕ್ಕ" ಎಂದರು. "ನೀವೇ ಓದಿ ಮಾರಾಯ್ರೆ" ಎಂದೆ. ಅವರು ಓದಿದರು. ಮದ್ರಾಸಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ನನ್ನ ಒಬ್ಬನೇ ತಮ್ಮ ಸಂಜೀವ ಜ್ವರದಲ್ಲಿ ತೀರಿಕೊಂಡಿದ್ದ. ಕೂಡಲೇ ಬರಬೇಕಂತೆ. ನಾನು ಎದ್ದೆನೇ? ಇಲ್ಲ. ಉಳಿದ ಅಕ್ಕಿಯನ್ನು ನುಣ್ಣಗೆ ಕಡೆದು, ಉಪ್ಪು ಹಾಕಿ, ಪಾತ್ರೆಗೆ ಬಳಿದು, ಕಲ್ಲು ತೊಳೆದು, ಆಮೇಲೆ ಕೂತು ಅತ್ತೆ. ನೆರೆಕರೆಯವರು ಇದನ್ನು ನನ್ನ ಧೈರ್ಯ ಎಂದು ಹೊಗಳಿದರು. ಧೈರ್ಯ ಎಲ್ಲಿಯದು? ನೆನೆಹಾಕಿದ ಅಕ್ಕಿ ಹಾಳಾಗುತ್ತದೆ ಎಂಬುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ಸಾವಿನ ಮನೆಯಲ್ಲಿ ದೋಸೆ ಹೊಯ್ಯುವವರು ಯಾರು? ಅಷ್ಟು ಹಿಟ್ಟನ್ನೂ ಮರುದಿನ ದನಕ್ಕೆ ಕಲಸಿ ಕೊಟ್ಟರು. ದನ ತಿಂದಿತು. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಅಷ್ಟಾದರೂ ಆಯಿತಲ್ಲ ಎಂದುಕೊಳ್ಳುವುದು ನನ್ನ ದೊಡ್ಡ ಅಭ್ಯಾಸ. ಆ ವರ್ಷ ಅದನ್ನು ಸ್ವಲ್ಪ ಹೆಚ್ಚೇ ಉಪಯೋಗಿಸಿದೆ.

ನಮ್ಮ ಪದ್ಧತಿಯ ವಿಷಯ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ತಲೆಬುಡ ತಿಳಿಯುವುದಿಲ್ಲ. ನಮ್ಮದು ಅಳಿಯಸಂತಾನ. ಗಂಡಸು ಸತ್ತರೆ ಅವನ ಸೊತ್ತು ಹೆಂಡತಿ ಮಕ್ಕಳಿಗಲ್ಲ, ಅವನು ಹುಟ್ಟಿದ ಮನೆಗೆ, ಅಂದರೆ ಅವನ ಅಕ್ಕತಂಗಿಯರಿಗೆ ಮತ್ತು ಅವರ ಮಕ್ಕಳಿಗೆ. ಸರಕಾರ ಏನೋ ಹೊಸ ಕಾನೂನು ತಂದಿದೆ ಎಂದು ಪೇಪರಿನಲ್ಲಿ ಬಂದಿತ್ತಂತೆ. ಆ ಪೇಪರು ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿದ್ದ ನಮ್ಮ ಸೋದರಮಾವನ ಮನೆಯವರೆಗೆ ಬಂದಿರಲಿಲ್ಲ. ಮಾವ ನಮ್ಮ ಕುಟುಂಬದ ಯಜಮಾನ. ಸುದ್ದಿ ಕೇಳಿದವರು ಬೆಳ್ತಂಗಡಿಯಿಂದ ಬಸ್ಸು ಹಿಡಿದು ಬಂದು, ಒಂದು ಲೋಟ ನೀರು ಕುಡಿದು, ನನಗೂ ನನ್ನ ಗಂಡನಿಗೂ ಹೇಳಿದರು: "ನೀವಿಬ್ಬರೂ ಹೋಗಿ ಬನ್ನಿ. ಅವನದ್ದು ಏನುಂಟೋ ಎಲ್ಲ ತನ್ನಿ. ಅಲ್ಲಿ ಒಂದು ಚಮಚ ಬಿಡುವುದು ಬೇಡ." ಸಂಜೀವನ ಹೆಂಡತಿ ಗಿರಿಜ ಮೂಡಬಿದ್ರೆಯಲ್ಲಿ ತನ್ನ ತಾಯಿಯ ಮನೆಯಲ್ಲಿದ್ದಳು, ಮೂರು ವರ್ಷದ ಮಗಳು ಪುಷ್ಪನನ್ನು ಇಟ್ಟುಕೊಂಡು, ಬೀಡಿ ಕಟ್ಟಿಕೊಂಡು. ಅವಳಿಗೆ ಸುದ್ದಿ ಮುಟ್ಟಿಸಿದರು. ಬರುತ್ತೀಯಾ ಎಂದು ಯಾರೂ ಕೇಳಲಿಲ್ಲ. ಯಾರೂ ಎಂದರೆ ನಾನೂ.

ಆಗ ಮಂಗಳೂರಿನಿಂದ ಮದ್ರಾಸಿಗೆ ಹೋಗುವುದೆಂದರೆ ಕೇರಳವನ್ನೆಲ್ಲ ಸುತ್ತಿ ಹೋಗುವ ರೈಲು. ನಾನು ಅದುವರೆಗೆ ರೈಲನ್ನು ನೋಡಿದವಳೇ ಹೊರತು ಹತ್ತಿದವಳಲ್ಲ. ಮದ್ರಾಸಿಗೆ ಮುಟ್ಟುವಾಗ ಹೋಟೆಲಿನ ಧಣಿಗಳು ಸುಡುವ ಕೆಲಸವನ್ನು ಮುಗಿಸಿ ಅಸ್ಥಿಯನ್ನು ಒಂದು ಸಣ್ಣ ಮಣ್ಣಿನ ಕುಡಿಕೆಯಲ್ಲಿ ಹಾಕಿ ಇಟ್ಟಿದ್ದರು. ಒಳ್ಳೆಯ ಮನುಷ್ಯ, ನಮ್ಮ ಕಡೆಯವರೇ. ಅವರು ತೋರಿಸಿದ ಸಂಜೀವನ ಆಸ್ತಿ ಇಷ್ಟು: ಒಂದು ಟ್ರಂಕು, ಒಂದು ಚಾಪೆ, ಗೋಡೆಗೆ ಒರಗಿಸಿದ ಒಂದು ಸೈಕಲ್ಲು. ಸೈಕಲ್ಲೆಂದರೆ ಪೂರ್ತಿ ಸೈಜಿನದ್ದು, ಕಪ್ಪು, ಕುದುರೆಯಷ್ಟು ಎತ್ತರ. ಸಂಜೀವ ಉದ್ದಾಳು. ಹೋಟೆಲಿಗೆ ತರಕಾರಿ ತರಲು ಮಾರ್ಕೆಟಿಗೆ ಅದರಲ್ಲೇ ಹೋಗುತ್ತಿದ್ದನಂತೆ. ಮುಂದಿನ ದಂಡಿಗೆಯ ಮೇಲೆ ಒಂದು ಸಣ್ಣ ಸೀಟು ಕೂರಿಸಿತ್ತು, ಕೆಂಪು ಬಣ್ಣದ್ದು, ಅಂಗೈಗಿಂತ ಸ್ವಲ್ಪ ದೊಡ್ಡದು. ಅಡಿಗೆಭಟ್ಟರು ಕಣ್ಣೊರೆಸಿಕೊಂಡು ಹೇಳಿದರು: "ಹೋದ ತಿಂಗಳು ಹಾಕಿಸಿದ್ದು ಅಮ್ಮ. ದೀಪಾವಳಿ ಕಳೆದು ಹೆಂಡತಿ ಮಗುವನ್ನು ಕರಕೊಂಡು ಬರ್ತೇನೆ, ಮಗುವನ್ನು ಇದರಲ್ಲಿ ಕೂರಿಸಿ ಸಮುದ್ರ ತೋರಿಸ್ತೇನೆ ಅಂತ ಹೇಳ್ತಾ ಇದ್ದ."

ನನ್ನ ಗಂಡ ಅತ್ತರು. ಸುಳ್ಳು ಹೇಳಬಾರದು, ಬಾವನೆಂದರೆ ಸಂಜೀವನಿಗೂ ಸಂಜೀವನೆಂದರೆ ಇವರಿಗೂ ಪ್ರಾಣ. ಆದರೆ ಅಳುತ್ತಲೇ ಇವರ ಕೈ ಸೈಕಲ್ಲಿನ ಟಯರನ್ನು ಒತ್ತಿ ನೋಡಿತು. ಅದು ನನಗೆ ಕಂಡಿತು. ನಾನೇನು ಕಡಿಮೆ? ಅದೇ ಹೊತ್ತಿಗೆ ನಾನು ಟ್ರಂಕಿನ ಬೀಗ ಗಟ್ಟಿ ಉಂಟಾ ಎಂದು ಎಳೆದು ನೋಡುತ್ತಿದ್ದೆ. ಇವರು ಫರಂಗಿಪೇಟೆಯ ಹತ್ತಿರ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸು ತಪ್ಪಿದರೆ ನಡಿಗೆ, ಸಂಜೆ ಬಸ್ಸು ತುಂಬಿದ್ದರೆ ನಡಿಗೆ. ಕಾಲಿನ ಹಿಮ್ಮಡಿ ಬೇಸಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿತ್ತು. ನಾನು ಪ್ರತಿ ಸಂಜೆ ಅದಕ್ಕೆ ಎಣ್ಣೆ ಹಚ್ಚಿ ಹಚ್ಚಿ ಸೋತಿದ್ದೆ. "ಇದನ್ನು ಇಲ್ಲೇ ಮಾರಿ ದುಡ್ಡನ್ನು ಗಿರಿಜನಿಗೆ ಕೊಡುವುದಾ?" ಎಂದು ಒಂದು ಮಾತು ಕೇಳಿದೆ. ಇವರು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. "ಮಾವ ಚಮಚ ಸಹ ಬಿಡಬಾರದು ಅಂದಿದ್ದಾರೆ" ಎಂದರು. ಚಮಚ ಒಂದೂ ಇರಲಿಲ್ಲ. ನಾನು ಎರಡನೆಯ ಸಲ ಕೇಳಲಿಲ್ಲ.

ಸ್ಟೇಶನಿನಲ್ಲಿ ನನಗೆ ಒಂದು ಹೊಸ ವಿಷಯ ತಿಳಿಯಿತು. ಕುಡಿಕೆಯಲ್ಲಿದ್ದ ನನ್ನ ತಮ್ಮನಿಗೆ ಟಿಕೇಟು ಬೇಡ, ಅವನ ಸೈಕಲ್ಲಿಗೆ ಬೇಕು. ಲಗೇಜಿನ ಗುಮಾಸ್ತರು ಸೈಕಲ್ಲನ್ನು ತೂಗಿಸಿ, ಚೀಟಿ ಬರೆದು, ಬೆಲ್ಲು, ಲೈಟು, ಮುಂದಿನ ಸಣ್ಣ ಸೀಟು ಇಂಥದ್ದೆಲ್ಲ ಕಳಚಿ ನೀವೇ ಇಟ್ಟುಕೊಳ್ಳಿ, ದಾರಿಯಲ್ಲಿ ಬಿದ್ದುಹೋದರೆ ನಮ್ಮನ್ನು ಕೇಳಬೇಡಿ ಎಂದು ಕೈಸನ್ನೆಯಲ್ಲಿ ತಿಳಿಸಿದರು. ಇವರು ಯಾರಿಂದಲೋ ಪಾನಾ ಕೇಳಿ ತಂದು ಕಳಚಿದರು. ಬೆಲ್ಲು, ಲೈಟು ಟ್ರಂಕಿಗೆ ಹೋದವು. ಸೀಟು ಟ್ರಂಕಿನಲ್ಲಿ ಹಿಡಿಯಲಿಲ್ಲ. ಕುಡಿಕೆಯ ಚೀಲವನ್ನು ಕಿಟಿಕಿಯ ಹತ್ತಿರದ ಗೂಟಕ್ಕೆ ತೂಗುಹಾಕಿ, ಸೀಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಗೋಣಿ ಸುತ್ತಿದ ಸೈಕಲ್ಲು ರೈಲಿನ ಕಟ್ಟಕಡೆಯ ಬ್ರೇಕ್ ವ್ಯಾನಿಗೆ ಹೋಯಿತು. ನಮ್ಮ ಡಬ್ಬಿ ಇಂಜಿನಿನ ಹತ್ತಿರ. ನಡುವೆ ಒಂದು ಊರಿನಷ್ಟು ದೂರ.

ಇವರಿಗೆ ಸಮಾಧಾನ ಇಲ್ಲ. ಪ್ರತಿ ಸ್ಟೇಶನಿನಲ್ಲಿ ಇಳಿದು ರೈಲಿನ ಬಾಲದವರೆಗೆ ಓಡಿ, ಸೈಕಲ್ಲು ಉಂಟಾ ಎಂದು ನೋಡಿ, ವಾಪಸು ಓಡಿ ಬರುವುದು. ನಡೆಯುವ ಕಷ್ಟ ತಪ್ಪಲಿ ಎಂದು ಸೈಕಲ್ಲು ತಂದವರು, ಆ ಒಂದು ಪ್ರಯಾಣದಲ್ಲಿ ನಡೆದಷ್ಟು ಜನ್ಮದಲ್ಲಿ ನಡೆದಿರಲಿಕ್ಕಿಲ್ಲ. ನಾನು ಕಣ್ಣು ಮುಚ್ಚಿ ದೇವರಿಗೆ ಹರಕೆ ಹೇಳಿಕೊಂಡೆ: ಸೈಕಲ್ಲು ಸುರೂಪದಲ್ಲಿ ಊರಿಗೆ ಮುಟ್ಟಲಿ ಸ್ವಾಮಿ, ಸೂತಕ ಕಳೆದ ಮೇಲೆ ಏಳು ಸೀಯಾಳದ ಅಭಿಷೇಕ ಮಾಡಿಸುತ್ತೇನೆ. ಹೇಳಿಕೊಂಡು ಕಣ್ಣು ತೆರೆದ ಮೇಲೆ ನಾಚಿಕೆಯಾಯಿತು. ತಮ್ಮನಿಗೆ ಜ್ವರ ಎಂದೇ ತಿಳಿಯದೆ ಅವನಿಗಾಗಿ ಒಂದು ಸೀಯಾಳವನ್ನೂ ಹೇಳಿಕೊಂಡಿರಲಿಲ್ಲ.

ಬೆಳಿಗ್ಗೆ ಪಾಲಕ್ಕಾಡಿನಲ್ಲಿ ನಮ್ಮ ಡಬ್ಬಿಗೆ ಇದ್ದಿನಬ್ಬನವರು ಹತ್ತಿದರು. ಫರಂಗಿಪೇಟೆಯಲ್ಲಿ ಒಣಮೀನಿನ ವ್ಯಾಪಾರ, ಇವರಿಗೆ ಮುಖಪರಿಚಯ. ತುಳು ಕೇಳಿ ನನಗೆ ಎರಡು ದಿನದ ಮೇಲೆ ಉಸಿರು ಬಂದ ಹಾಗಾಯಿತು. ಅವರು ನನ್ನ ತೊಡೆಯನ್ನು ನೋಡಿ ಕೇಳಿದರು: "ಮಗುವಿಗೆ ಎಷ್ಟು ಪ್ರಾಯ ಅಕ್ಕ?"

"ಮೂರು" ಎಂದೆ. ಆಮೇಲೆ "ನನ್ನ ಮಗು ಅಲ್ಲ, ತಮ್ಮನದ್ದು" ಎಂದೆ. ಆಮೇಲೆ ಎಲ್ಲ ಹೇಳಬೇಕಾಯಿತು. ಅವರು ಟೊಪ್ಪಿ ತೆಗೆದು ತಲೆ ಸವರಿಕೊಂಡರು. ಗೂಟದಲ್ಲಿ ತೂಗುತ್ತಿದ್ದ ಚೀಲವನ್ನು ನೋಡಿ, ಅದರ ಕೆಳಗಿಂದ ಸ್ವಲ್ಪ ಸರಿದು ಕೂತರು.

"ಹಾಗಾದರೆ ಸೈಕಲು ಆ ಮಗುವಿಗೆ."

"ಇಲ್ಲ. ನಮ್ಮಲ್ಲಿ ಹಾಗಲ್ಲ. ಅದು ನಮ್ಮ ಮನೆಗೆ ಬರುವುದು."

"ಸೀಟು?"

ನಾನು ಸೀಟನ್ನು ಸೆರಗಿನಡಿಗೆ ಸರಿಸಿಕೊಂಡೆ. "ನಮ್ಮಲ್ಲಿ ಹೆಣ್ಣುಮಕ್ಕಳಿಗೂ ಒಂದು ಪಾಲು ಉಂಟು ಅಕ್ಕ" ಎಂದು ಅವರು ಮೆಲ್ಲಗೆ ಹೇಳಿ, ಮತ್ತೆ ತಾವೇ ನಕ್ಕರು, "ಉಂಟು ಅಂತ ಪುಸ್ತಕದಲ್ಲಿ. ನನ್ನ ತಂಗಿ ಕೇಳಿದಾಗ ನಾನು ಎರಡು ವರ್ಷ ಅವಳ ಹತ್ತಿರ ಮಾತು ಬಿಟ್ಟಿದ್ದೆ." ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟರು. ಅಂಥವರ ಎದುರು ಅಳುವುದೂ ಸುಲಭ, ಸುಮ್ಮನೆ ಕೂರುವುದೂ ಸುಲಭ.

ಶೋರನೂರಿನಲ್ಲಿ ಕೊಚ್ಚಿಗೆ ಹೋಗುವ ಡಬ್ಬಿಗಳನ್ನು ರೈಲಿನಿಂದ ಬೇರೆ ಮಾಡುತ್ತಾರೆ ಎಂದು ಇದ್ದಿನಬ್ಬನವರು ಬಾಯಿತಪ್ಪಿ ಹೇಳಿಬಿಟ್ಟರು. ಇವರು ಚಪ್ಪಲಿ ಸಹ ಹಾಕದೆ ಇಳಿದು ಓಡಿದರು. ಸೈಕಲ್ಲು ಕೊಚ್ಚಿಗೆ ಹೋದರೆ! ಇವರು ಬರಲಿಲ್ಲ. ಇಂಜಿನು ಕೂಗಿತು. ಇವರು ಬರಲಿಲ್ಲ. ರೈಲು ಹೊರಟಿತು. ನಾನು ಕಿಟಿಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ, ಕಣ್ಣಿಗೆ ಮಸಿ ಬಿತ್ತು. "ಹೆದರಬೇಡಿ ಅಕ್ಕ, ಹಿಂದೆ ಎಲ್ಲಿಯಾದರೂ ಹತ್ತಿರ್ತಾರೆ" ಎಂದರು ಇದ್ದಿನಬ್ಬನವರು. ಹತ್ತದೆ ಚಕ್ರದಡಿಗೆ ಬಿದ್ದಿದ್ದರೆ? ಮುಂದಿನ ಸ್ಟೇಶನು ಬರುವವರೆಗೆ ನನ್ನ ಮನಸ್ಸು ಮಾಡಿದ ಕೆಲಸವನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಇವರಿಲ್ಲದಿದ್ದರೆ ಇವರ ಕೈಗಡಿಯಾರ ಕಾರ್ಕಳದಲ್ಲಿರುವ ಇವರ ಅಕ್ಕನ ಮಗನಿಗೆ. ಕೊಡೆ ಅವನಿಗೆ. ಕರಿ ಕೋಟು ಅವನಿಗೆ. ಇವರು ಸಂಜೆ ಕೂರುವ ಆರಾಮ ಕುರ್ಚಿ, ನಾನು ಹದಿಮೂರು ವರ್ಷ ದಿನಾ ಒರೆಸಿದ್ದು, ಅದನ್ನು ಕಾರ್ಕಳದವರು ಗಾಡಿ ತಂದು ಹೇರಿಕೊಂಡು ಹೋಗುತ್ತಾರೆ. ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಅಪ್ಪನದ್ದು ಅಂತ ಒಂದು ಗುಂಡಿಯೂ ಉಳಿಯುವುದಿಲ್ಲ. ನ್ಯಾಯವಾ ಇದು ದೇವರೇ ಎಂದು ನನಗೆ ಸಿಟ್ಟು ಬಂತು. ಕೈಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದಿದ್ದೆ. ನೋಡಿದರೆ ಆ ಸೀಟು.

ಇವರು ಮುಂದಿನ ಸ್ಟೇಶನಿನಲ್ಲಿ ಬಂದರು, ಬರಿಗಾಲಿನಲ್ಲಿ, ಮುಖವೆಲ್ಲ ಮಸಿ, ಬಾಯಿತುಂಬ ನಗೆ. "ಉಂಟು ಮಾರಾಯ್ತಿ! ನಮ್ಮ ರೈಲಿನಲ್ಲೇ ಉಂಟು!" ತಮ್ಮನ ಅಸ್ಥಿ ತೂಗುತ್ತಿದ್ದ ಗೂಟದ ಕೆಳಗೆ ಕೂತು ನಾವಿಬ್ಬರೂ ನಕ್ಕೆವು. ಸಾವಾದ ಮೇಲೆ ಅದೇ ಮೊದಲ ನಗು. ದೇವರು ಕ್ಷಮಿಸಬೇಕು.

ಮಂಗಳೂರಿನಲ್ಲಿ ಸೈಕಲ್ಲು ಒಂದು ಗೀರೂ ಇಲ್ಲದೆ ಇಳಿಯಿತು. ಬಸ್ಸಿನ ಮೇಲೆ ಹೇರಿ ಬಂಟ್ವಾಳಕ್ಕೆ ತಂದೆವು. ಆಗ ತಿಳಿದದ್ದು, ಇವರ ಕಾಲು ಪೆಡಲಿಗೆ ಎಟಕುವುದಿಲ್ಲ ಎಂದು. ದೊಡ್ಡ ಸೀಟನ್ನು ಇಳಿಸುವಷ್ಟು ಇಳಿಸಿದರೂ ಇವರು ಜಗಲಿಯ ಮೆಟ್ಟಿಲಿನಿಂದ ಹತ್ತಬೇಕು, ಇಳಿಯಲು ಮೈಲುಕಲ್ಲು ಹುಡುಕಬೇಕು. ಆದರೂ ಹತ್ತಿದ ಮೇಲೆ ಇವರ ಮುಖದಲ್ಲಿದ್ದ ಸಂತೋಷವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಗಿರಿಜ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಮೂಡಬಿದ್ರೆಯಿಂದ ಬಂದಳು. ಬೆರಳಿನ ತುದಿಗಳು ಬೀಡಿ ಎಲೆಯಿಂದ ಕಪ್ಪಾಗಿದ್ದವು. ಅಂಗಳದಲ್ಲಿ ಸೈಕಲ್ಲು ನಿಂತಿತ್ತು, ನಾನೇ ಎಣ್ಣೆಬಟ್ಟೆಯಲ್ಲಿ ಒರೆಸಿ ಇಟ್ಟದ್ದು. ಅವಳು ಅದನ್ನು ಒಂದು ಸಲ ನೋಡಿದಳು. ಹತ್ತಿರ ಹೋಗಲಿಲ್ಲ. ಊಟ ಮುಗಿದು ನಾಲ್ಕು ಜನ ಹಿರಿಯರು ಚಾವಡಿಯಲ್ಲಿ ಕೂತಾಗ ಮಾವ ಗಂಟಲು ಸರಿಮಾಡಿಕೊಂಡು, ಸಂಜೀವನ ಟ್ರಂಕು, ಸೈಕಲ್ಲು ಕುಟುಂಬಕ್ಕೆ ಸೇರಿದ್ದು, ಅಕ್ಕನಾದ ನನ್ನ ವಶದಲ್ಲಿ ಇರುವುದು ಎಂದು ಹೇಳಿದರು. ಗಿರಿಜ ಬಾಗಿಲ ಸಂದಿಯಲ್ಲಿ ನಿಂತಿದ್ದವಳು ನನ್ನ ಸೆರಗನ್ನು ಮುಟ್ಟಿ ಮೆಲ್ಲಗೆ ಕೇಳಿದಳು: "ಅಕ್ಕ, ಅವರು ಕಾಗದದಲ್ಲಿ ಬರೆದಿದ್ದರು, ಮಗುವಿಗೆ ಒಂದು ಸೀಟು ಹಾಕಿಸಿದ್ದೇನೆ ಅಂತ. ಅದು ಉಂಟಾ?"

ತಂದು ತೋರಿಸಿದೆ. ಅವಳು ಕೈ ಚಾಚಿದಳು. ಮಾವ ಚಾವಡಿಯಿಂದಲೇ, "ಅದು ಸೈಕಲ್ಲಿನ ಜೊತೆಗೆ ಬಂದದ್ದಲ್ವಾ? ಸೈಕಲ್ಲಿಗೇ ಸೇರಿದ್ದು" ಎಂದರು. ನಾನು ಹುಟ್ಟಿದ ಮೇಲೆ ಮಾವನಿಗೆ ಎದುರು ಹೇಳಿದವಳಲ್ಲ. ಅವತ್ತು ಹೇಳಿದೆ.

"ಅಲ್ಲ ಮಾವ. ಸೈಕಲ್ಲು ಬ್ರೇಕ್ ವ್ಯಾನಿನಲ್ಲಿ ಬಂದದ್ದು. ಇದು ಮದ್ರಾಸಿನಿಂದ ನನ್ನ ತೊಡೆಯ ಮೇಲೆ ಬಂದದ್ದು. ಇದನ್ನು ಮಗುವಿಗೆ ಕೊಡುವ."

ಇನ್ನೊಂದು ಮಾತು, "ಸೈಕಲ್ಲನ್ನೂ ಕೊಡುವ" ಎಂಬುದು, ನಾಲಗೆಯ ತುದಿಗೆ ಬಂದು ನಿಂತಿತ್ತು. ಅವಳು ಅದನ್ನು ಮಾರಿದರೆ ಆರು ತಿಂಗಳ ಅಕ್ಕಿಯಾದರೂ ಆಗುತ್ತಿತ್ತು, ನನಗೆ ಗೊತ್ತಿತ್ತು. ಆಗ ಇವರು ಅಂಗಳಕ್ಕೆ ಹೋಗಿ, ಯಾರಿಗೂ ಕಾಣದ ಹಾಗೆ, ಸೈಕಲ್ಲನ್ನು ಬಿಸಿಲಿನಿಂದ ನೆರಳಿಗೆ ಸರಿಸಿ ನಿಲ್ಲಿಸಿದರು. ಟಯರು ಬಿಸಿಯಾಗಬಾರದಲ್ಲ. ನಾನು ಆ ಮಾತನ್ನು ನುಂಗಿದೆ.

ಮಾವ, "ಆಯಿತು, ಕೊಂಡುಹೋಗಲಿ" ಎಂದರು. ಹಿರಿಯರೆಲ್ಲ ತಲೆದೂಗಿದರು. "ನಿನ್ನದು ದೊಡ್ಡ ಮನಸ್ಸು" ಎಂದು ಒಬ್ಬರು ಹೇಳಿದರು. ಗಿರಿಜ ಸೀಟನ್ನು ಬೈರಾಸು ಬಟ್ಟೆಯಲ್ಲಿ ಕಟ್ಟಿಕೊಂಡು, ನನ್ನ ಕಾಲು ಮುಟ್ಟಿ ನಮಸ್ಕರಿಸಿ, ಮಗುವನ್ನು ಸೊಂಟಕ್ಕೆ ಏರಿಸಿ ಬಸ್ಸಿಗೆ ನಡೆದಳು. ಅವಳ ತಾಯಿಯ ಮನೆಯಲ್ಲಿ ಸೈಕಲ್ಲು ಇರಲಿಲ್ಲ. ಆ ಸೀಟನ್ನು ಎಲ್ಲಿ ಇಡುತ್ತಾಳೆ ಎಂದು ನಾನು ಕೇಳಲಿಲ್ಲ. ಆಮೇಲೆಯೂ ಯಾವಾಗಲೂ ಕೇಳಲಿಲ್ಲ. ಸೂತಕ ಕಳೆದ ಮೇಲೆ ಹರಕೆಯ ಏಳು ಸೀಯಾಳವನ್ನು ಮಾತ್ರ ತಪ್ಪದೆ ಒಪ್ಪಿಸಿದೆ. ದೇವರು ತೆಗೆದುಕೊಂಡ. ಅವನ ಮನಸ್ಸೂ ದೊಡ್ಡದು.

ಅವತ್ತು ಗಿರಿಜ ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಬೊಜ್ಜದ ಅಡಿಗೆಗೆ ನೆರೆಮನೆಯಿಂದ ತಂದ ಮೂರು ದೊಡ್ಡ ಕಟಾರ ಪಾತ್ರೆಗಳು ಬಾವಿಕಟ್ಟೆಯಲ್ಲಿ ಬಿದ್ದಿದ್ದವು. ಕತ್ತಲಾಗುವುದರೊಳಗೆ ತೊಳೆದು ವಾಪಸು ಕೊಡಬೇಕು. ಬೇರೆಯವರ ವಸ್ತುವನ್ನು ನಾವು ಇಟ್ಟುಕೊಳ್ಳುವವರಲ್ಲ. ಸೆರಗು ಸಿಕ್ಕಿಸಿಕೊಂಡು, ಹುಳಿ, ಹೊಳೆಯ ಹೊಯಿಗೆ, ತೆಂಗಿನ ನಾರು ತೆಗೆದುಕೊಂಡು ತಿಕ್ಕಲು ಕೂತೆ.